ದೇವರ ಜಗಲಿ ಏರಿದ ಗಾಳದ ಕೋಲು

ಮೀನು ತಿನ್ನದವನೊಬ್ಬ ಮೀನು ಹಿಡಿಯುವ ಸಾಮಾನು ಕಟ್ಟಿಕೊಂಡು ಹಬ್ಬಕ್ಕೆ ಮಾವನ ಮನೆಗೆ ಹೋದ ಎಂದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಹಣೆಯ ಮೇಲಿನ ವಿಭೂತಿ ನೋಡುತ್ತಾರೆ. ನೋಡಲಿ. ವಿಭೂತಿ ಹಚ್ಚಿದವರಿಗೆ ಹುಚ್ಚು ಹಿಡಿಯಬಾರದು ಎಂದು ಯಾವ ಮಠದಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ಹಿಡಿದಿತ್ತು. ಹಿಡಿಸಿದ್ದು ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಕೇಬಲ್ ಟಿವಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಹರಪನಹಳ್ಳಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಟಿವಿಯಲ್ಲಿ ಒಬ್ಬ ಬಿಳಿಯ ಮನುಷ್ಯ ಸೊಂಟಮಟ್ಟದ ನೀರಲ್ಲಿ ನಿಂತು, ಸಪೂರ ಕೋಲೊಂದನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ದಾರ ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ಹೋಗಿ ನೀರಿನ ಮೇಲೆ ಕೂರುತ್ತಿತ್ತು. ಅದರ ತುದಿಯಲ್ಲಿ ಎರೆಹುಳ ಇರಲಿಲ್ಲ. ಪುಕ್ಕ ಮತ್ತು ದಾರದಿಂದ ಕಟ್ಟಿದ ಸುಳ್ಳು ನೊಣ ಇತ್ತು. ಮೀನು ಮೋಸ ಹೋಗಿ ಬಾಯಿ ಹಾಕಿತು. ಆ ಪುಣ್ಯಾತ್ಮ ಅದನ್ನು ಎತ್ತಿ, ಮುತ್ತು ಕೊಟ್ಟು, ಮತ್ತೆ ನೀರಿಗೆ ಬಿಟ್ಟ.

ನನ್ನ ಪಕ್ಕದಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದ ಅವ್ವ ಕೈ ನಿಲ್ಲಿಸಿ ನೋಡಿದಳು. "ತಿನ್ನಂಗಿಲ್ಲ ಅಂದಮ್ಯಾಲ ಯಾಕ ಹಿಡಿತಾನ ಅವ?" ಎಂದಳು. ಮತ್ತೆ ಬೇಳೆಗೆ ಕೈ ಹಾಕಿ, "ಆದ್ರೂ ಚಲೋ ಮನಿಶ್ಯಾ ಬಿಡು, ಲಿಂಗ ಒಂದು ಕಟ್ಟಿಲ್ಲ ಅಷ್ಟ" ಎಂದಳು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಚಿಕ್ಕವನಿದ್ದಾಗ ಕೆರೆಯ ಏರಿಯ ಮೇಲೆ ನಿಂತು ಬೇರೆ ಹುಡುಗರು ಗಾಳ ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವನು ನಾನು. ಹತ್ತಿರ ಹೋದರೆ ಮನೆಗೆ ಸುದ್ದಿ ಮುಟ್ಟುತ್ತಿತ್ತು. ಎರೆಹುಳ ಚುಚ್ಚಿದರೆ ಒಂದು ಜೀವ, ಮೀನು ಸತ್ತರೆ ಇನ್ನೊಂದು ಜೀವ. ಈಗ ಈ ಬಿಳಿಯ ಎರಡೂ ಪಾಪವನ್ನು ಗುಡಿಸಿ ಹಾಕಿ, ಹಿಡಿಯುವ ಸುಖವನ್ನು ಮಾತ್ರ ಉಳಿಸಿ, ನನ್ನ ಮುಂದೆ ಇಟ್ಟಿದ್ದ. ಇಷ್ಟು ಶುದ್ಧವಾದ ಚಟ ನಮ್ಮಂಥವರಿಗಲ್ಲದೆ ಇನ್ಯಾರಿಗೆ?

ಮೀನು ಹಿಡಿದರೆ ಎಲ್ಲಿ ಹಿಡಿಯಬೇಕು ಎಂಬುದೂ ಅವತ್ತೇ ತೀರ್ಮಾನವಾಯಿತು. ನನ್ನ ಹೆಂಡತಿಯ ಊರು ಹಲವಾಗಲು. ತುಂಗಭದ್ರೆ ಅವರ ಮನೆಯ ಹಿತ್ತಲಿನಿಂದ ಕೂಗಳತೆಯಲ್ಲಿ ಹರಿಯುತ್ತಾಳೆ. ದಸರಾ ರಜೆ ಹತ್ತಿರವಿತ್ತು, ಮೊದಲ ವರ್ಷದ ಹಬ್ಬಕ್ಕೆ ಅಳಿಯ ಮಗಳಿಗೆ ಕರೆ ಬಂದೇ ಬರುತ್ತದೆ. ಮಳೆಗಾಲ ಮುಗಿದು ಹೊಳೆ ತಿಳಿಯಾಗುವ ಸಮಯ. ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು.

"ನೋಡ್ರಿ, ನಮ್ಮಪ್ಪ ನನಗ ವ್ಯಾಪಾರಸ್ಥರ ಮನಿ ನೋಡಿದ್ದ. ನಾ ಊಟ ಬಿಟ್ಟು ಹಟ ಮಾಡಿ ನಿಮ್ಮನ್ನ ಮಾಡಿಕೊಂಡೀನಿ. ಮೇಷ್ಟ್ರಿಗೇ ಕೊಡ್ತೀನಿ, ಮುಂದ ನೀನು ತಲಿ ತಗ್ಗಿಸಿ ಈ ಹೊಸ್ತಿಲ ತುಳಿಬ್ಯಾಡ ಅಂದಾನ ಅವ. ಈಗ ಅಳಿಯ ಹೊಳಿ ದಂಡಿಗೆ ಕುಂತು ಮೀನ ಹಿಡಿತಾನ ಅಂತ ಊರಾಗ ಆದ್ರ, ನಾ ತವರಮನಿಗೆ ಯಾವ ಮಾರಿ ಹೊತ್ಕೊಂಡು ಹೋಗ್ಲಿ?"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಲ್ಲ. ನನ್ನ ಮಾವ ಸೋಮವಾರ ಬಿಸಿನೀರಿಗೂ ಮಂತ್ರ ಹೇಳುವಂಥ ಮನುಷ್ಯ. ಮೀನಿನ ಬುಟ್ಟಿ ಹೊತ್ತವರು ಬೀದಿಗೆ ಬಂದರೆ ಬಾಗಿಲು ಹಾಕಿಕೊಳ್ಳುವ ಮನೆ ಅದು. ಅಲ್ಲದೆ ಅಲ್ಲಿ ನನ್ನನ್ನು ಅಳೆಯಲು ಒಂದು ಕೋಲು ಮೊದಲೇ ಇತ್ತು. ಅದು ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಹಡಗಲಿಯಲ್ಲಿ ಮೆಕ್ಕೆಜೋಳದ ದೊಡ್ಡ ವ್ಯಾಪಾರ. ಆ ಜೋಳವೆಲ್ಲ ಲಾರಿಗಟ್ಟಲೆ ಕೋಳಿ ಫಾರಂಗಳ ದಾಣಿಗೆ ಹೋಗುತ್ತಿತ್ತು. ಕೋಳಿ ತಿನ್ನುವುದು ಪಾಪ, ಕೋಳಿಗೆ ತಿನ್ನಿಸುವುದು ವ್ಯಾಪಾರ. ಇದನ್ನು ನಾನು ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ಆತ ಇಂದಿಗೂ ನನ್ನನ್ನು ನೋಡಿದಾಗ ಅರ್ಧ ಮಾತ್ರ ನಗುತ್ತಾನೆ.

"ಯಾರಿಗೂ ಗೊತ್ತಾಗಂಗಿಲ್ಲ" ಎಂದು ಹೆಂಡತಿಗೆ ಆಣೆ ಇಟ್ಟೆ. "ಒಂದ ಮೀನು. ಹಿಡಿದು ಬಿಟ್ಟುಬಿಡ್ತೀನಿ. ಸಾಮಾನು ಯಾರ ಕಣ್ಣಿಗೂ ಬೀಳಂಗಿಲ್ಲ, ಅಷ್ಟು ಸಣ್ಣದು ಮಾಡ್ತೀನಿ, ಅಷ್ಟು ಹಗುರ ಮಾಡ್ತೀನಿ."

ಅಲ್ಲಿಂದ ಶುರುವಾಯಿತು ನನ್ನ ಪಾಡು. ಮೊದಲು ಕೋಲು. ಕೇಬಲ್ ಬಂದ ಮೇಲೆ ಮಾಳಿಗೆ ಮೇಲಿನ ಆಂಟೆನಾ ಕಾಗೆ ಕೂರುವುದಕ್ಕಷ್ಟೇ ಉಳಿದಿತ್ತು. ಅದನ್ನು ಇಳಿಸಿ, ಕೊಳವೆ ಬಿಚ್ಚಿ, ಒಂದಕ್ಕೊಂದು ಸಿಕ್ಕಿಸಿ ಬೀಸಿದೆ. ಅಲ್ಯೂಮಿನಿಯಂ ಬಾಗಿತು, ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ, ನಮ್ಮ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರ ಮುಂದೆ ಬಾಗುವವರ ಹಾಗೆ. ಆಮೇಲೆ ಹಳೆಯ ಟ್ರಾನ್ಸಿಸ್ಟರಿನ ಏರಿಯಲ್ ಕಡ್ಡಿಗೆ ಕೈ ಹಾಕಿದೆ. ಎಳೆದರೆ ಉದ್ದ, ಒತ್ತಿದರೆ ಗೇಣುದ್ದ. ಇಷ್ಟು ಚಿಕ್ಕದು ಆ ಬಿಳಿಯನ ಹತ್ತಿರವೂ ಇರಲಿಕ್ಕಿಲ್ಲ ಎಂದು ಹಿಗ್ಗಿ ಮಾಳಿಗೆ ಮೇಲೆ ನಿಂತು ಒಂದು ಬೀಸು ಬೀಸಿದೆ. ತುದಿ ಕಿತ್ತುಕೊಂಡು ಹೋಗಿ ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು.

ಕೊನೆಗೆ ಬಿದಿರೇ ಗತಿಯಾಯಿತು. ಸಣ್ಣ ಬಿದಿರನ್ನು ತೋಳುದ್ದದ ತುಂಡುಗಳಾಗಿ ಕತ್ತರಿಸಿ, ಮರಳು ಕಾಗದದಿಂದ ತಿಕ್ಕಿ ತಿಕ್ಕಿ ತುದಿಗೆ ಹೋದಂತೆ ಸಪೂರ ಮಾಡಿದೆ. ತುಂಡುಗಳನ್ನು ಕೂಡಿಸಲು ಬೆಸುಗೆ ಬೇಕಲ್ಲ. ಬುಡದ ಕಡೆಗೆ ಆಂಟೆನಾದ ಕೊಳವೆಯ ಚೂರು ಸಾಕಾಯಿತು. ತುದಿಯ ಕಡೆಗೆ ಏನು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಜೇಬಿನಲ್ಲಿದ್ದ ಇಂಕ್ ಪೆನ್ನು ಕೈಗೆ ತಾಗಿತು. ಅದರ ಲೋಹದ ಮುಚ್ಚಳದ ತಲೆ ಕತ್ತರಿಸಿದರೆ ಅಚ್ಚುಕಟ್ಟಾದ ಕೊಳವೆ. ಮೇಷ್ಟರ ಮನೆಯಲ್ಲಿ ಸತ್ತ ಪೆನ್ನುಗಳಿಗೆ ಬರವೇ? ಆಮೇಲೆ ಎಷ್ಟೋ ದಿನ ನನ್ನ ಪೆನ್ನುಗಳೆಲ್ಲ ಬೋಳು ತಲೆಯಲ್ಲೇ ಶಾಲೆಗೆ ಬಂದವು.

ಸಂಜೆ ಮಾಳಿಗೆ ಹತ್ತಿ ಬೀಸುವುದನ್ನು ಕಲಿತೆ. ಹಪ್ಪಳದ ಮನೆಯ ಯಜಮಾನರು ಕೆಳಗಿಂದ "ಮಂಗ್ಯಾ ಓಡಸ್ತೀರೇನ್ರಿ ಮೇಷ್ಟ್ರ?" ಎಂದು ಕೇಳಿದರು. ಹೌದು ಎಂದೆ. ಒಂದೂ ಮಂಗ ಇಲ್ಲದಿರುವುದಕ್ಕೆ ನಾನೇ ಕಾರಣ ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು.

ದಾರ ಸುತ್ತಲು ಹೊಲಿಗೆ ಯಂತ್ರದ ಬಾಬಿನ್ ಸಿಕ್ಕಿತು. ಗಾಳದ ಕೊಕ್ಕೆ ಹೊಸಪೇಟೆಯಿಂದ ತಂದೆ. ಉಳಿದದ್ದು ಸುಳ್ಳು ನೊಣ. ಕೋಳಿ ಪುಕ್ಕವನ್ನು ಮನೆಗೆ ತಂದರೆ ಅವ್ವ ಮನೆಯನ್ನೆಲ್ಲ ಸಗಣಿ ಹಾಕಿ ಸಾರಿಸಿ, ನನ್ನನ್ನೂ ಸಾರಿಸುತ್ತಿದ್ದಳು. ಹಾಗಾಗಿ ದಾರ ಒಂದನ್ನೇ ಕೊಕ್ಕೆಗೆ ಸುತ್ತಿ ಸುತ್ತಿ ಏನೋ ಒಂದನ್ನು ಮಾಡಿದೆ. ಅಷ್ಟು ದಿನ ನನ್ನ ಈ ಕೆಲಸದ ಕಡೆ ತಿರುಗಿಯೂ ನೋಡದಿದ್ದ ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು.

"ಇದೇನು ಹುಳನೋ, ಬಾಚಣಿಕಿಯಾಗಿನ ಕೂದ್ಲ ಉಂಡಿನೋ? ಇದನ್ನ ನೋಡಿ ಮೀನ ನಗತಾವ ಅಷ್ಟ."

ಅವಳು ಮದುವೆಗೆ ಮೊದಲಿನಿಂದಲೂ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ರೇಷ್ಮೆ ಎಳೆಗಳನ್ನು ಗಂಟು ಹಾಕಿ ಮೊಗ್ಗಿನಂತೆ ನಿಲ್ಲಿಸುವ ಬೆರಳು ಅವು. ಕೆಟ್ಟ ಗಂಟನ್ನು ಕಂಡರೆ ಅವಳಿಗೆ ತಡೆಯುವುದಿಲ್ಲ. ಒಳಗೆ ಹೋಗಿ ತನ್ನ ಹೈಸ್ಕೂಲಿನ ಪುಸ್ತಕದಲ್ಲಿ ಮರಿ ಹಾಕುತ್ತದೆ ಎಂದು ಇಟ್ಟುಕೊಂಡಿದ್ದ ನವಿಲುಗರಿಯನ್ನು ತಂದಳು. ಅದರ ಒಂದು ಎಳೆಯನ್ನು ಕಿತ್ತು ಕೊಕ್ಕೆಗೆ ಸುತ್ತಿದಳು, ಹಸಿರು ಮಿಂಚಿನ ಮೈ ಆಯಿತು. ಮೇಲೆ ಬಿಳಿ ರೇಷ್ಮೆಯನ್ನು ಬಿಡಿಸಿ ರೆಕ್ಕೆ ಕಟ್ಟಿದಳು.

"ಬಿಳೀದು ಯಾಕ?" ಎಂದೆ.

"ನಮ್ಮ ಹೊಳಿ ಮ್ಯಾಲ ಬರೋ ಹುಳ ಬಿಳೀವ" ಎಂದಳು, ಕೈ ನಿಲ್ಲಿಸದೆ. "ಅರಿವಿ ಒಗಿಯೋ ಕಲ್ಲಿನ ಹತ್ರ ನೀರಿಗೆ ಹತ್ತಿದಂಗ ಹಾರತಾವ. ಮೀನು ಟಣ್ಣಂತ ಎಗರಿ ಹಿಡಿತಾವ. ಅದನ್ನ ನೋಡಿಕೋತ ನಿಂತು ಅವ್ವನ ಕೈಲಿ ಎಷ್ಟ್ ಬೈಸಿಕೊಂಡೀನಿ. ಹೆಣ್ಮಕ್ಳಿಗೆ ಹೊಳಿಯಾಗ ನೋಡಾದೇನೈತಿ ಅಂತಿದ್ಳು."

ಮುಗಿದ ಮೇಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದಕ್ಕ ಬಾಯಿ ಹಾಕತೈತೋ ಇಲ್ಲೋ" ಎಂದು ತನ್ನಷ್ಟಕ್ಕೆ ಅಂದಳು. ನಾನು ನನ್ನ ಕೋಲಿನ ಗುಂಗಿನಲ್ಲಿದ್ದೆ, ಆ ಮಾತಿಗೆ ಕಿವಿ ಕೊಡಲಿಲ್ಲ.

ಈಗ ಇದನ್ನೆಲ್ಲ ಒಯ್ಯುವುದು ಹೇಗೆ? ಟಿವಿಯ ಆ ಬಿಳಿಯ ತನ್ನ ಸಾಮಾನು ಚಿಕ್ಕದು ಮಾಡಿಕೊಳ್ಳುವುದು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಲಿಕ್ಕೆ. ನನ್ನದು ಅದಕ್ಕಿಂತ ಕಡಿದಾದ ದಾರಿ. ಹೊಸ ಅಳಿಯ ಬಸ್ಸಿಳಿದ ತಕ್ಷಣ ಅವನ ಕೈಯಲ್ಲಿನ ಬ್ಯಾಗು ಅವನದಲ್ಲ. ಯಾರೋ ಬಂದು ಕಿತ್ತುಕೊಳ್ಳುತ್ತಾರೆ. ಮನೆ ಮುಟ್ಟುವ ಹೊತ್ತಿಗೆ ಅದು ನಡುಮನೆಯಲ್ಲಿ ಬಾಯಿ ತೆರೆದು ಕೂತಿರುತ್ತದೆ. ಹೆಂಗಸರು ಒಂದೊಂದನ್ನೇ ತೆಗೆದು, ಅಂಗಿ ಗೂಟಕ್ಕೆ ಹಾಕಿ, ಸೀರೆಯ ಬಣ್ಣಕ್ಕೆ ಮೂಗು ಮುರಿದು, ಬನಿಯನ್ನಿನ ತೂತನ್ನೂ ಬಿಡದೆ ನೋಡುತ್ತಾರೆ. ಇದಕ್ಕೆ ಅವರು ಪ್ರೀತಿ ಎನ್ನುತ್ತಾರೆ. ಗಡಿಯಲ್ಲಿ ನಿಂತ ಪೊಲೀಸರಿಗೆ ನಮ್ಮ ಅತ್ತೆ ಮನೆಯವರು ತರಬೇತಿ ಕೊಡಬೇಕು.

ನೊಣವನ್ನು ತಲೆನೋವಿನ ಮುಲಾಮಿನ ಡಬ್ಬಿಯಲ್ಲಿಡುತ್ತೇನೆ ಎಂದೆ. ಹೆಂಡತಿ ಒಪ್ಪಲಿಲ್ಲ. "ಮುಲಾಮು ಕಂಡ್ರ ನಮ್ಮ ಮನ್ಯಾಗ ಎಲ್ಲಾರಿಗೂ ತಲಿನೋವು ಬರತೈತಿ" ಎಂದಳು. ಕೋಲನ್ನು ಛತ್ರಿಯೊಳಗೆ ಇಡುವುದೆಂದರೆ ಛತ್ರಿ ಮಾವನದಾಗುತ್ತದೆ. ಹೀಗೆ ಒಂದೊಂದೇ ದಾರಿ ಮುಚ್ಚಿಕೊಂಡು ಬಂದಾಗ ಶಾಲೆಯ ಗೋಡೆ ಮೇಲಿನ ಕರ್ನಾಟಕದ ನಕ್ಷೆ ಕಣ್ಣಿಗೆ ಬಿತ್ತು. ಬಟ್ಟೆ ಅಂಟಿಸಿದ ದೊಡ್ಡ ನಕ್ಷೆ, ಸುತ್ತಿದರೆ ತೋಳುದ್ದ. ನಲ್ಲಿಯ ಪಿವಿಸಿ ಪೈಪಿನ ಅಗಲವಾದೊಂದು ತುಂಡಿಗೆ ಎರಡೂ ಕಡೆ ಮುಚ್ಚಳ ಹಾಕಿದೆ. ಕೋಲಿನ ತುಂಡುಗಳನ್ನೂ ಬಾಬಿನ್ನನ್ನೂ ನಡುವೆ ಇಟ್ಟು ಮೇಲೆ ನಕ್ಷೆ ಸುತ್ತಿ ಒಳಗೆ ತೂರಿಸಿದೆ. ನೊಣವನ್ನು ನಕ್ಷೆಯ ಬೆನ್ನಿನ ಬಟ್ಟೆಗೆ ಚುಚ್ಚಿದೆ. ಮೇಷ್ಟರ ಕೈಯಲ್ಲಿ ನಕ್ಷೆ ಕಂಡರೆ ಯಾರಿಗೆ ಅದನ್ನು ಬಿಚ್ಚಿ ನೋಡಬೇಕು ಅನ್ನಿಸುತ್ತದೆ? ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮಕ್ಕಳಿಗೇ ಅನ್ನಿಸುವುದಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ದುರ್ಗಾಷ್ಟಮಿಯ ದಿನ ಮಧ್ಯಾಹ್ನ ಹಲವಾಗಲಿನಲ್ಲಿ ಬಸ್ಸಿಳಿದೆವು. ಬ್ಯಾಗು ಹೋಯಿತು. ಕೊಳವೆಯನ್ನು ನಾನು ಎದೆಗವಚಿ ಹಿಡಿದುಕೊಂಡೆ. ಮಾವ ಅದನ್ನು ನೋಡಿದರು.

"ಇದೇನ್ರಿ ಅಳಿಯಂದ್ರ?"

"ನಕಾಶಿ ಮಾವ. ಕರ್ನಾಟಕದ್ದು. ರಜಾದಾಗ ಸ್ವಲ್ಪ ಕೆಲಸ ಇತ್ತು."

ಮಾವನ ಮುಖ ಅರಳಿದ್ದನ್ನು ನೋಡಿ ನನಗೆ ಮೊದಲು ಖುಷಿಯಾಯಿತು, ಆಮೇಲೆ ಭಯವಾಯಿತು. ಅವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ ಷಡ್ಡಕನ ಕಡೆ ತಿರುಗಿ, "ನೋಡ್ರಿ, ಹಬ್ಬಕ್ಕ ಬಂದ್ರೂ ನಮ್ಮ ಸಣ್ಣ ಅಳಿಯಂದ್ರು ವಿದ್ಯಾ ಕೈ ಬಿಟ್ಟಿಲ್ಲ" ಎಂದರು. ಷಡ್ಡಕ ಅರ್ಧ ನಕ್ಕ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಕತ್ತು ಒಂದಿಷ್ಟು ನೆಟ್ಟಗಾದದ್ದನ್ನು ನಾನು ಕಂಡೆ.

ನನ್ನ ಯೋಜನೆ ಸರಳವಾಗಿತ್ತು. ಮರುದಿನ ಬೆಳಗಾಗುವ ಮುಂಚೆ ಹೊಳೆ ಸ್ನಾನದ ನೆಪ ಹೇಳಿ ಹೋಗುವುದು, ಊರು ಏಳುವುದರೊಳಗೆ ಬರುವುದು. ಆದರೆ ದೇವರು ಎಂಬವನೊಬ್ಬನಿದ್ದಾನೆ, ಅವನ ಜಗಲಿ ಆ ಮನೆಯಲ್ಲಿ ಬಹಳ ದೊಡ್ಡದು. ಸಂಜೆ ಮಾವ ಮರುದಿನದ ಆಯುಧ ಪೂಜೆಗೆ ಮನೆಯ ಸಾಮಾನುಗಳನ್ನೆಲ್ಲ ತೊಳೆಸಿ ಜಗಲಿಗೆ ಏರಿಸತೊಡಗಿದರು. ಕುಡಗೋಲು, ಕೊಡಲಿ, ಷಡ್ಡಕ ಅಂಗಡಿಯಿಂದ ತಂದಿದ್ದ ತಕ್ಕಡಿ, ಅತ್ತೆಯ ಈಳಿಗೆ. ಎಲ್ಲ ಇಟ್ಟಾದ ಮೇಲೆ ಸುತ್ತ ನೋಡಿ ಮಗಳನ್ನು ಕರೆದರು.

"ಯವ್ವಾ, ನಿನ್ನ ಗಂಡನ ಆಯುಧ ಎಲ್ಲೈತಿ? ಮೇಷ್ಟ್ರ ಆಯುಧ ಅಂದ್ರ ನಕಾಶಿನ. ತಗಂಬಾ ಇಲ್ಲಿ."

ನಾನು ಬಾಯಿ ತೆರೆದೆ. ಏನು ಹೇಳಲಿ? ಬೇಡ ಮಾವ, ಅದಕ್ಕೆ ಪೂಜೆ ಬೇಡ ಎನ್ನಲೇ? ಯಾಕೆ ಎಂದರೆ? ಹೆಂಡತಿ ನನ್ನ ಮುಖ ನೋಡಿದಳು, ಕೊಳವೆಯನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು. ಜಗಲಿ ಏರಿದ್ದನ್ನು ದಶಮಿಯ ದಿನ ಮಾವ ಇಳಿಸುವ ತನಕ ಯಾರೂ ಮುಟ್ಟುವಂತಿಲ್ಲ ಎನ್ನುವುದು ಆ ಮನೆಯ ನೇಮ. ಹೀಗೆ ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆಯಲ್ಲಿ, ಗಾಳದ ಕೋಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಿ, ಮಂಗಳಾರತಿ ಬೆಳಗಿದರು. ನಾನೂ ಕೈ ಮುಗಿದು ನಿಂತೆ. ಅಷ್ಟು ಭಕ್ತಿಯಿಂದ ನಾನು ಯಾವ ದೇವರಿಗೂ ಮುಗಿದಿಲ್ಲ.

ನವಮಿಯ ದಿನವನ್ನು ನಾನು ಪಡಸಾಲೆಯಲ್ಲಿ ಹೋಳಿಗೆ ತಿನ್ನುತ್ತ ಕಳೆದೆ. ಅಳಿಯನಿಗೆ ಅದೊಂದೇ ಕೆಲಸ. ಹಿತ್ತಲಿನ ಆಚೆ ಹೊಳೆ ಹೊಳೆಯುವುದು ಕಾಣುತ್ತಿತ್ತು. ಹೆಂಡತಿ ಬಟ್ಟೆಗಂಟು ಹೊತ್ತು ಹೊಳೆಗೆ ಹೊರಟಾಗ ನನಗೆ ಹೊಟ್ಟೆ ಉರಿಯಿತು. ಅವಳು ಬರುವುದು ತಡವಾಗಿ ಅತ್ತೆ, "ನಾಕು ಅರಿವಿ ಹಿಂಡಾಕ ಇಷ್ಟೊತ್ತ? ಇನ್ನೂ ಆ ಹುಡುಗಿ ಬುದ್ಧಿ ಬಿಟ್ಟಿಲ್ಲ ನೋಡು" ಎಂದು ಗದರಿದರು. ಆಮೇಲೆ ಅವಳ ಸೆರಗು ಹಿಡಿದು ನೋಡಿ, "ಇದೊಂದು ಕುಚ್ಚು ಹೊಸಾ ನಮೂನಿ ಐತಲ್ಲ, ಹಸರು ಬಿಳೀದು. ನನ್ನ ಸೀರಿಗೂ ಹಿಂತಾವ ಹಾಕಿಕೊಡು" ಎಂದರು. ಹೆಂಡತಿ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು. ನನಗೆ ಆಗ ಕುಚ್ಚು ನೋಡುವ ಚಿತ್ತ ಇರಲಿಲ್ಲ.

ದಶಮಿಯ ಬೆಳಗ್ಗೆ ಮಾವ ಜಗಲಿಯಿಂದ ಸಾಮಾನು ಇಳಿಸಿದರು. ಇಳಿಸಿದ ಮೇಲೆ ಪ್ರತಿಯೊಬ್ಬರೂ ತಮ್ಮ ಆಯುಧದಿಂದ ಒಂದಿಷ್ಟು ಕೆಲಸ ಮಾಡಿ ತೋರಿಸಬೇಕು, ಆಗ ವರ್ಷವಿಡೀ ಕೈಗೂಡುತ್ತದೆ ಎನ್ನುವುದು ಇನ್ನೊಂದು ನೇಮ. ಷಡ್ಡಕ ತಕ್ಕಡಿಯಲ್ಲಿ ಜೋಳ ತೂಗಿದ. ಅತ್ತೆ ಸೌತೆಕಾಯಿ ಹೆಚ್ಚಿದರು. ಮಾವ ಕೊಳವೆಯನ್ನು ಕೈಗೆತ್ತಿಕೊಂಡು, "ಅಳಿಯಂದ್ರು ಈಗ ನಮಗೆಲ್ಲ ಒಂದು ಪಾಠ ಮಾಡತಾರ" ಎಂದರು. ಪಾಠ ಕೇಳಲು ಅಕ್ಕಪಕ್ಕದವರನ್ನೂ ಕರೆಸಿದ್ದರು. ಪಡಸಾಲೆ ತುಂಬಿತ್ತು. ನಾನು ಎದ್ದು ಹೋಗಿ ಕೊಳವೆ ಇಸಿದುಕೊಳ್ಳುವುದರೊಳಗೆ ಅವರೇ ಮುಚ್ಚಳ ತೆಗೆದು ತಲೆಕೆಳಗೆ ಮಾಡಿದರು.

ನಕ್ಷೆ ಜಾರಿತು. ಅದರ ಹೊಟ್ಟೆಯಿಂದ ಬಿದಿರಿನ ತುಂಡುಗಳು ಖಡಲ್ ಎಂದು ಉದುರಿದವು. ಬಾಬಿನ್ ಉರುಳಿಕೊಂಡು ಹೋಗಿ ಅತ್ತೆಯ ಕಾಲಿಗೆ ತಾಗಿ ನಿಂತಿತು. ಷಡ್ಡಕ ಬಗ್ಗಿ ಒಂದು ತುಂಡನ್ನು ಎತ್ತಿಕೊಂಡ. ಪೆನ್ನಿನ ಮುಚ್ಚಳದ ಬೆಸುಗೆಯನ್ನು ತಿರುಗಿಸಿ ನೋಡಿದ. ಹಡಗಲಿಯವನು, ಹೊಳೆ ಕಂಡವನು. ಈ ಸಲ ಅವನು ಪೂರಾ ನಕ್ಕ.

"ಮಾವ, ಇದು ಏನಂತ ತಿಳಿದೀರಿ? ಇದು…"

"ನಕಾಶಿ ತೋರಿಸೋ ಕೋಲದು" ಎಂದಳು ನನ್ನ ಹೆಂಡತಿ.

ಎಲ್ಲರೂ ತಿರುಗಿದರು. ಅವಳು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಬೆಳ್ಳಗಾಗಿತ್ತು, ದನಿ ಗಟ್ಟಿಯಾಗಿತ್ತು. ತನ್ನಪ್ಪನ ಎದುರು, ಆಗಷ್ಟೇ ಆರತಿ ಎತ್ತಿದ ಜಗಲಿಯ ಎದುರು ಅವಳು ಸುಳ್ಳು ಹೇಳುತ್ತಿದ್ದಳು. ಅವಳು ಸುಳ್ಳು ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಇಷ್ಟೆಲ್ಲ ತುಂಡು? ಇಷ್ಟುದ್ದ ಯಾಕ ಬೇಕ?" ಎಂದ ಷಡ್ಡಕ.

"ಗೌರ್ಮೆಂಟ್ ಸಾಲಿ ಭಾವ. ಒಂದೊಂದು ಕ್ಲಾಸಿನಾಗ ಮಕ್ಳು ಕುರಿ ತುಂಬಿದಂಗ ತುಂಬಿರತಾರ. ಮುಂದಕ ಹೋಗಾಕ ಜಾಗ ಇರಂಗಿಲ್ಲ, ಹಿಂದ ನಿಂತ ತೋರಸ್ತಾರ. ಆ ಬಾಬಿನ್ ನಂದು, ಕುಚ್ಚಿನ ದಾರ."

ಇದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ನಮ್ಮ ಸರ್ಕಾರಿ ಶಾಲೆಗಳ ದುರವಸ್ಥೆ ನನ್ನ ಮಾನ ಕಾಪಾಡಿದ್ದು ಅದೊಂದೇ ಸಲ. ಮಾವ ತಲೆದೂಗಿ, "ಜೋಡಸ್ರಿ ಅಳಿಯಂದ್ರ, ನೋಡೋಣು" ಎಂದರು. ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದೆ. ಅಷ್ಟು ಹೊತ್ತಿಗೆ ನಕ್ಷೆಯನ್ನು ಎದುರು ಗೋಡೆಗೆ ನೇತು ಹಾಕಿದರು. ಮಾವ ಅದರ ಸುಕ್ಕು ತೀಡಲು ಹಿಂಬದಿಗೆ ಅಂಗೈ ಹಾಕಿ ಮೇಲಿಂದ ಕೆಳಗೆ ಸವರಿದರು. ಕೊಕ್ಕೆ ಇದ್ದದ್ದು ಅಲ್ಲೇ. ಅವರ ಕೈಗೆ ಏನೂ ಚುಚ್ಚಲಿಲ್ಲ. ನೊಣ ಎಲ್ಲೋ ಬಿದ್ದುಹೋಗಿದೆ ಎಂದುಕೊಂಡೆ.

"ನಮ್ಮ ಹೊಳಿ ತೋರಸ್ರಿ" ಎಂದರು ಮಾವ.

ಹೊಸ್ತಿಲ ಬಳಿ ನಿಂತು ಕೋಲು ಚಾಚಿದೆ. ಎದುರು ಗೋಡೆಯ ತನಕ ಹೋಯಿತು. ತುದಿ ನಡುಗುತ್ತ ತುಂಗೆಯನ್ನೂ ಭದ್ರೆಯನ್ನೂ ಕೂಡಿಸಿಕೊಂಡು ಹರಿಹರಕ್ಕೆ ಬಂದು ಮುಂದೆ ಸಾಗಿತು. ಆ ಹಬ್ಬದಲ್ಲಿ ನನ್ನ ಗಾಳದ ಕೋಲು ತುಂಗಭದ್ರೆಯನ್ನು ಮುಟ್ಟಿದ್ದು ಅಷ್ಟೇ. "ಹಲವಾಗಲು ಎಲ್ಲೈತಿ?" ಎಂದರು ಮಾವ. ನಕ್ಷೆಯಲ್ಲಿ ಹಲವಾಗಲು ಇರಲಿಲ್ಲ. ಇಲ್ಲ ಎಂದರೆ ಅವರಿಗೆ ಬೇಜಾರಾದೀತೆಂದು ಸುಮಾರಾಗಿ ಒಂದು ಜಾಗ ತೋರಿಸಿದೆ. ಮಾವ ಅಲ್ಲಿ ಹೆಸರು ಹುಡುಕಿ, ಸಿಗದೆ, ನಕ್ಷೆ ಮಾಡಿದವರನ್ನು ಬಾಯಿ ತುಂಬ ಬೈದರು. ಆಮೇಲೆ ಜಗಲಿಯಿಂದ ಕುಂಕುಮ ತಂದು ಆ ಜಾಗಕ್ಕೆ ದಪ್ಪಗೆ ಇಟ್ಟರು. ಆ ನಕ್ಷೆಯಲ್ಲಿ ಬೆಂಗಳೂರಿಗಿಂತ ದೊಡ್ಡ ಬೊಟ್ಟು ಹಲವಾಗಲಿನದು.

ಸಂಜೆ ಬನ್ನಿ ಕೊಡುವಾಗ ಮಾವ ನನ್ನ ಕೈ ಹಿಡಿದುಕೊಂಡರು. "ಮಗಳು ಹಟ ಮಾಡಿದಾಗ ನನಗ ಸಿಟ್ಟ ಬಂದಿತ್ರಿ. ಇವತ್ತು ಊರ ಮಂದಿ ಮುಂದ ನನ್ನ ಎದಿ ಉಬ್ಬ್ಯಾತಿ" ಎಂದರು. ಅತ್ತ ತಿರುಗಿ ಮಗಳ ತಲೆ ಸವರಿದರು. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ಅದೇ ಹದದಲ್ಲಿ ಮಾವ ಮುಂದುವರಿಸಿದರು: "ಆ ಕೋಲು ನಮ್ಮೂರ ಸಾಲಿಗೆ ಬಿಟ್ಟು ಹೋಗ್ರಿ. ಪೂಜಿ ಆದ ಕೋಲು, ಮಕ್ಳಿಗೆ ವಿದ್ಯಾ ಹತ್ತತೈತಿ. ನಿಮಗ ಬೇಕಾದ್ರ ಇನ್ನೊಂದು ಮಾಡಿಕೊಳ್ಳಾಕ ಬರತೈತಿ." ಕಣ್ಣೀರು ಇನ್ನೂ ಕೆನ್ನೆಯ ಮೇಲೆ ಇತ್ತು, ಬೇಡ ಅನ್ನಲು ಬಾಯಿ ಬರಲಿಲ್ಲ.

ಮರುದಿನ ಬಸ್ಸಿನಲ್ಲಿ ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಮಡಿಲಲ್ಲಿ ಕೊಳವೆ, ಅದರಲ್ಲಿ ಬರೀ ನಕ್ಷೆ. "ಎಲ್ಲಾ ಹೋತು" ಎಂದೆ. "ಕೋಲು ಹೋತು, ಹುಳನೂ ಎಲ್ಲೋ ಬಿತ್ತು. ಆ ಪೆನ್ನುಗಳು ಸುಮ್ನ ಸತ್ತವು."

ಹೆಂಡತಿ ಕಿಟಕಿಯ ಕಡೆ ಕೂತಿದ್ದಳು. ಹೊಳೆ ಮರೆಯಾಗುವ ತನಕ ನೋಡಿ, ಆಮೇಲೆ ಸೆರಗಿನ ತುದಿಯನ್ನು ನನ್ನ ಮುಂದೆ ಹಿಡಿದಳು. ಸಾಲಾಗಿ ಜೋತ ಕುಚ್ಚುಗಳ ನಡುವೆ ಒಂದು ಹಸಿರು ಮೈಯದು, ಬಿಳಿ ರೆಕ್ಕೆಯದು. ಅದರ ಅಡಿಯಲ್ಲಿ ಕೊಕ್ಕೆ ಸಣ್ಣಗೆ ಮಿನುಗಿತು.

"ಜಗಲಿ ಮ್ಯಾಲ ಕೊಕ್ಕಿ ಇಡಾದು ಬ್ಯಾಡ ಅನಿಸಿ ಅಷ್ಟಮಿ ದಿನಾನ ತಗದಿದ್ದೆ" ಎಂದಳು.

"ರೆಕ್ಕಿ ಯಾಕ ಹಿಂಗ ಹರದೈತಿ?"

ಅವಳು ಹರಿದ ರೆಕ್ಕೆಯನ್ನು ಬೆರಳಿನಿಂದ ತೀಡಿದಳು. "ಅರಿವಿ ಒಗಿಯಾಕ ಹೋದಾಗ ಯಾರೂ ಇರಲಿಲ್ರಿ. ಕುಚ್ಚಿನ ದಾರಕ್ಕ ಕಟ್ಟಿ ಸುಮ್ನ ನೀರಿನ ಮ್ಯಾಲ ಬಿಟ್ಟೆ. ಹಿಡಿದುಬಿಡ್ತು." ಎರಡೂ ಅಂಗೈ ಕೂಡಿಸಿ ಅಳತೆ ತೋರಿಸಿದಳು. "ಇಷ್ಟಿತ್ತು, ಬೆಳ್ಳಿಯಂಗ. ಕೈಯಾಗ ಎಷ್ಟ್ ಜೀವಾ ಅಂತೀರಿ. ಕೊಕ್ಕಿ ಬಿಡಿಸಿ ನೀರಿಗೆ ಬಿಟ್ಟೆ. ಹೋತು."

ನನಗೆ ಹೊಟ್ಟೆಕಿಚ್ಚಾಯಿತು. ನಿಜ ಹೇಳುತ್ತೇನೆ, ಮೊದಲು ಆದದ್ದು ಅದೇ. ಆಮೇಲೆ ಅವಳ ಮುಖ ನೋಡಿದೆ. ಒಗೆಯುವ ಕಲ್ಲಿನ ಹತ್ತಿರ ನಿಂತು ಬೈಸಿಕೊಳ್ಳುತ್ತಿದ್ದ ಹುಡುಗಿಯ ಮುಖ ಹೇಗಿದ್ದಿರಬೇಕು ಎನ್ನುವುದು ಆಗ ಗೊತ್ತಾಯಿತು. ಆಂಟೆನಾ ಇಳಿಸಿದ್ದು, ಪೆನ್ನು ಕೊಂದದ್ದು, ಮಂಗ ಓಡಿಸಿದ್ದು, ಎಲ್ಲ ನೆನಪಾಗಿ ನಗು ಬಂತು. ಅವಳಿಗೂ ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅವಳು ಸೆರಗನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು, ನನ್ನ ಕೊಳವೆಯ ಮೇಲೆ ಬೆರಳಿನಿಂದ ಒಮ್ಮೆ ಬಡಿದಳು.

"ಮುಂದಿನ ಹಬ್ಬಕ್ಕ ನೀವು ಬರೀ ನಕಾಶಿ ತರ್ರಿ" ಎಂದಳು.